ಸಹಾಯ ಬೇಕು: ಭಾನುವಾರದ ನೀಟ್ ಮಾದರಿ ಪರೀಕ್ಷೆಯೂ ಆರಾಧನೆಯೂ ಒಂದೇ ಹೊತ್ತಿಗೆ

ಅಣ್ಣಂದಿರಿಗೆ, ಅಕ್ಕಂದಿರಿಗೆ ವಂದನೆಗಳು. ನಾನು ಧಾರವಾಡದಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನಮ್ಮದು ಸಿಎಸ್‌ಐ (ದಕ್ಷಿಣ ಭಾರತ ಚರ್ಚ್) ಸಭೆ. ತರಬೇತಿ ಕೇಂದ್ರದವರು ಮಾದರಿ ಪರೀಕ್ಷೆಯನ್ನು ಭಾನುವಾರ ಬೆಳಿಗ್ಗೆಯೇ ಇಟ್ಟಿದ್ದಾರೆ. ನಮ್ಮ ಕನ್ನಡ ಆರಾಧನೆಯೂ ಅದೇ ಹೊತ್ತಿಗೆ. ಪರೀಕ್ಷೆ ತಪ್ಪಿಸುವ ಮನಸ್ಸಿಲ್ಲ. 180 ನಿಮಿಷದಲ್ಲಿ 180 ಪ್ರಶ್ನೆ ಎಂದರೆ ಗಡಿಯಾರ ಮುಂದಿಟ್ಟುಕೊಂಡು ಬರೆದು ರೂಢಿಯಾಗಲೇಬೇಕು. ಅದರಲ್ಲೂ ಭೌತಶಾಸ್ತ್ರದ 45 ಪ್ರಶ್ನೆಗಳು ನನ್ನ ಹೆಚ್ಚಿನ ಸಮಯವನ್ನು ನುಂಗಿಬಿಡುತ್ತವೆ.

ಆರಾಧನೆಯನ್ನೂ ಬಿಡಲಾರೆ. ದೃಢೀಕರಣದ ದಿನ, ಅಂದರೆ ನನ್ನ ನಂಬಿಕೆಯನ್ನು ನಾನೇ ಒಪ್ಪಿಕೊಂಡ ದಿನ, ಸಭೆಯ ಮುಂದೆ ನಿಂತು ಮಾತು ಕೊಟ್ಟಿದ್ದೇನೆ. ಗಾಯನ ಮಂಡಳಿಯಲ್ಲಿ ಆಲ್ಟೊ (ಹೆಣ್ಣುಮಕ್ಕಳ ಕೆಳದನಿಯ ಭಾಗ) ಹಾಡುವವರು ನಾವು ಇಬ್ಬರೇ. “ಒಂದು ವರ್ಷ ತಾನೇ, ಮನೆಯಲ್ಲೇ ಪ್ರಾರ್ಥಿಸು” ಎನ್ನುತ್ತಾರೆ ಅಪ್ಪ. ಮನೆಯಲ್ಲಿ ದಿನವೂ ಪ್ರಾರ್ಥಿಸುತ್ತೇನೆ. ಆದರೆ ಎಲ್ಲರೊಡನೆ ಕೂಡಿ ಹಾಡಿದಾಗ ಸಿಗುವ ಧೈರ್ಯ ಒಬ್ಬಳೇ ಕುಳಿತಾಗ ಸಿಗುವುದಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಭಾನುವಾರ ಸಂಜೆ ಕನ್ನಡ ಆರಾಧನೆ ಎಲ್ಲಿ ನಡೆಯುತ್ತದೆ? ಅದೇ ಪರೀಕ್ಷೆಯನ್ನು ಮಧ್ಯಾಹ್ನ ಬರೆಯಲು ಯಾರಾದರೂ ಒಪ್ಪಿಗೆ ಪಡೆದಿದ್ದರೆ, ಮನವಿ ಪತ್ರದಲ್ಲಿ ಏನು ಬರೆದಿರಿ ಎಂದು ದಯವಿಟ್ಟು ತಿಳಿಸಿ. ಸಭಾಪಾಲಕರ ಸಹಿ ಇದ್ದರೆ ಪತ್ರಕ್ಕೆ ತೂಕ ಬರುತ್ತದೆಯೇ? ವಿದ್ಯುತ್ಕಾಂತೀಯ ಪ್ರೇರಣೆಯ ಲೆಕ್ಕಗಳನ್ನು ಸಂಜೆ ಹೊತ್ತು ಹೇಳಿಕೊಡುವ ಅಕ್ಕ ಯಾರಾದರೂ ಇದ್ದರೂ ತಿಳಿಸಿ. ಪತ್ರವನ್ನು ಶುಕ್ರವಾರದೊಳಗೆ ಕೊಡಬೇಕಿದೆ.