ಅಪ್ಪನ ಕಾಲದ ತೆಪ್ಪ, ರಿಪೇರಿ ಮಾಡಿಸೋದಾ ಇಲ್ಲ ಫೈಬರ್ ತಗೊಳೋದಾ?

ಹಿನ್ನೀರಿನವ:
ಎಲ್ರಿಗೂ ನಮಸ್ಕಾರ. ನಾನಿರೋದು ಮೈಸೂರಲ್ಲಿ, ಊರು ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ. ನಮ್ಮಪ್ಪ 1999ರಲ್ಲಿ ಹೆಣೆಸಿದ ಬಿದಿರಿನ ದುಂಡನೆ ತೆಪ್ಪ ಇನ್ನೂ ಚಿಕ್ಕಪ್ಪನ ಹೊಲದ ಅಂಚಲ್ಲಿದೆ, ಅಪ್ಪ ಹೋಗಿ 3 ವರ್ಷ ಆಯ್ತು, ಆಮೇಲೆ ಯಾರೂ ನೀರಿಗೆ ಇಳಿಸಿಲ್ಲ. ಮೊನ್ನೆ ಭಾನುವಾರ ಒಳ್ಳೆ ಬಿಸ್ಲಿತ್ತು, ಮಗಳನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ನೋಡ್ಕೊಂಡು ಬರೋಣ ಅಂತ ಹೋದೆ. ನೀರು ಕಣ್ಣು ಬಿಡಕ್ಕಾಗದಂಗೆ ಹೊಳೀತಿತ್ತು, ದಡದಲ್ಲಿ ಬೆಳ್ಳಕ್ಕಿಗಳು, ಗಾಳೀನೇ ಇಲ್ಲ.

ತೆಪ್ಪ ಬೋರಲು ಹಾಕಿದ್ರು. ಬಿಸ್ಲಿಗೆ ಟಾರು ಮೆತ್ತಗಾಗಿ ಬೆರಳು ಇಟ್ರೆ ಅಂಟ್ತಿತ್ತು, ಕೆಲವು ಕಡೆ ಸೀಳು ಬಿಟ್ಟು ಒಳಗಿನ ಗೊಬ್ಬರದ ಚೀಲ ಕಾಣ್ತಿದೆ. ಎತ್ತಿ ನೋಡಿದ್ರೆ ಒಂದು ಕಡೆ ಸೀಳು ಬಿದಿರಿನ ದಬ್ಬೆ ಎಲ್ಲಾ ಹುಳ ಕೊರೆದು ಹಳದಿ ಪುಡಿ ಉದುರ್ತಿದೆ, ಅಂಚಿನ ಕಟ್ಟು ಮಾತ್ರ ಗಟ್ಟಿ ಇದೆ.

ಡ್ಯಾಮಲ್ಲಿ ನೀರು ತೀರಾ ಇಳಿದಾಗ ಹಳೇ ಕನ್ನಂಬಾಡಿ ವೇಣುಗೋಪಾಲಸ್ವಾಮಿ ದೇವಸ್ಥಾನ ಕಾಣ್ತಿತ್ತಲ್ಲ, ನಾನು ಸಣ್ಣೋನಿದ್ದಾಗ ಅಪ್ಪ ಇದೇ ತೆಪ್ಪದಲ್ಲಿ ಅದರ ಹತ್ರ ಕರ್ಕೊಂಡೋಗಿದ್ರು. ಈಗ ಆ ದೇವಸ್ಥಾನಾನ ಬಿಚ್ಚಿ ತಂದು ಹೊಸ ಕನ್ನಂಬಾಡೀಲಿ ಕಟ್ಟಿದಾರೆ, ಕಾರಲ್ಲೇ ಹೋಗ್ಬಹುದು, ಆದ್ರೆ ನಂಗೆ ನೆನಪಿರೋದು ಆ ನೀರಿನ ದಾರೀನೇ. ಇದನ್ನ ಉಳಿಸ್ಬಹುದಾ? ಎಲ್ರೂ ಫೈಬರ್ ತೆಪ್ಪ ತಗೋ ಅಂತಾರೆ.

ಬಲೆಗಾರ:
ಅಣ್ಣ ನಮ್ದೂ ಮೀನು ಹಿಡಿಯೋ ಮನೇನೆ. ಉಳಿಸ್ಬೋದು ಬುಡಿ. 1999ರ ತೆಪ್ಪ ಅಂದ್ರೆ ನಿಮ್ಮಪ್ಪ ನಡುವೆ ಎಷ್ಟೋ ಸಲ ದಬ್ಬೆ ಬದ್ಲಾಯಿಸಿರ್ತಾರೆ, ಬಿದಿರು ಅಷ್ಟು ವರ್ಷ ತಡಿಯಲ್ಲ, ನೀವು ನೋಡಿರಲ್ಲ ಅಷ್ಟೆ. ಹುಳ ಬಿದ್ದಿರೋ ಕಡೆ ಪೂರ್ತಿ ಬಿಚ್ಚಿ, ಅರ್ಧಂಬರ್ಧ ಬುಟ್ರೆ ಮತ್ತೆ ಹರಡ್ತದೆ. ಬಲಿತ ಬಿದಿರು ತಂದು ಸೀಳಿ ನೀರಲ್ಲಿ ನೆನಸಿ ಹೆಣೀಬೇಕು, ಒಣಗಿದ್ದು ಬಗ್ಗಿಸೋಕೆ ಹೋದ್ರೆ ಲಟಕ್ ಅಂತ ಮುರೀತದೆ. ಹಳೇ ಟಾರು ಕೆರೆದು ತೆಗ್ದು, ಹೊಸ ಚೀಲ ಹೊಲಿದು ಬಿಗಿ ಮಾಡಿ, ಆಮೇಲೆ ಟಾರು ಕಾಯಿಸಿ ಬಟ್ಟೇಲಿ ಬಳೀರಿ. ಒಂದು ಮಾತು, ಟಾರು ಡಬ್ಬದ ಹತ್ರ ಮಗೂನ ಬುಡ್ಬೇಡಿ, ಚಿಮ್ಮಿದ್ರೆ ಚರ್ಮ ಕಿತ್ಕೊಂಡು ಬರ್ತದೆ. ಇನ್ಮೇಲೆ ಮಣ್ಣಿಗೆ ತಾಗಿಸ್ಬೇಡಿ, ಕಲ್ಲು ಕೊಟ್ಟು ನೆರಳಲ್ಲಿ ಬೋರಲಾಕಿ.

ಮಂಡ್ಯ_ಬೈಕು:
ನಾನು ಫೈಬರ್ ಪರ. ನಮ್ಮ ಭಾವ ಮೀನು ಹಿಡಿಯೋದು ಫೈಬರಲ್ಲೇ, ಹುಳ ಇಲ್ಲ ಟಾರು ಇಲ್ಲ, ವರ್ಷವರ್ಷ ಕೆಲಸ ಹಚ್ಕೊಳೋದು ತಪ್ತು. ದಿನಾ ದುಡಿಯೋರಿಗೆ ಅದೇ ಸರಿ. ಆದ್ರೆ ನಿಮ್ಮದು ದುಡಿಮೆಗಲ್ಲ, ಅಪ್ಪನ ನೆನಪಿಂದು, ಹಂಗಾಗಿ ಬಲೆಗಾರರ ಮಾತೇ ಕೇಳಿ. ಲೈಫ್ ಜಾಕೆಟ್ ಮಾತ್ರ ತಪ್ಪಿಸ್ಬೇಡಿ, ಹಿನ್ನೀರು ನೋಡೋಕೆ ನಿಂತ ನೀರು, ಆಳ ಎಲ್ಲಿ ಬರುತ್ತೆ ಗೊತ್ತಾಗಲ್ಲ, ಡ್ಯಾಮ್ ತುಂಬಿ 124.80 ಅಡಿ ಆದಾಗ ಬೇಸಿಗೇಲಿ ನಡೆದಾಡಿದ ಹೊಲಾನೂ ಮುಳುಗಿರುತ್ತೆ.

ಹಿನ್ನೀರಿನವ:
ಬಲೆಗಾರ ಅಣ್ಣ, ನೀವು ಹೇಳಿದ್ದು ನಿಜ. ಚಿಕ್ಕಪ್ಪನ್ನ ಕೇಳ್ದೆ, ದಬ್ಬೆ ಮೂರು ಸಲ ಬದ್ಲಾಯಿಸಿದಾರಂತೆ, ಟಾರಂತೂ ಪ್ರತಿ ವರ್ಷ. ಮೊದಲಿಂದ ಹಂಗೇ ಇರೋದು ಹುಟ್ಟು ಒಂದೇ, ಕೊಟ್ಟಿಗೆ ಸೂರಲ್ಲಿ ಸಿಕ್ಕಿಸಿದ್ರು. ತೆಗ್ದು ನೋಡಿದೆ, ಹಿಡಿಯೋ ಜಾಗ ಎರಡು ಕಡೆ ನುಣ್ಣಗೆ ಸವೆದು ಸ್ವಲ್ಪ ತಗ್ಗಾಗಿದೆ, ನನ್ನ ಕೈ ಅಲ್ಲಿಗೆ ಸರಿಯಾಗಿ ಕೂರ್ತು. ತುಂಬಾ ಹೊತ್ತು ಅದನ್ನೇ ಹಿಡ್ಕೊಂಡು ನಿಂತಿದ್ದೆ.

ಫೈಬರ್ ಬೇಡ ಅಂತ ತೀರ್ಮಾನ ಮಾಡಿದೀನಿ. ಅಣ್ಣ, ಬಿದಿರು ಎಷ್ಟು ಗಳ ಬೇಕಾಗುತ್ತೆ? ಆರು ಜನ ಕೂರೋ ತೆಪ್ಪ.

ಬಲೆಗಾರ:
ಹೊರಗಡೆಯಿಂದ ಹೇಳೋದು ಕಷ್ಟ, ಬಿಚ್ಚಿದ ಮೇಲೆ ಗೊತ್ತಾಯ್ತದೆ. ಬರೋ ಭಾನುವಾರ ನಾನೇ ಬತ್ತೀನಿ, ನೋಡಾನ. ಬೆಳಿಗ್ಗೇನೆ ಶುರು ಮಾಡಾನ, ಬಿಸ್ಲು ಏರಿದ್ರೆ ಟಾರು ಕೆರಿಯೋಕಾಗಲ್ಲ. ಮಗಳನ್ನೂ ಕರ್ಕೊಂಡು ಬನ್ನಿ, ಹುಟ್ಟು ಹಾಕೋದು ಕಲಿಸ್ತೀನಿ, ತೆಪ್ಪದಲ್ಲಿ ಮುಂದಿನ ನೀರನ್ನ ನಮ್ಮ ಕಡೆಗೆ ಎಳ್ಕೋಬೇಕು, ಇಲ್ಲಾಂದ್ರೆ ನಿಂತಲ್ಲೇ ಗಿರಗಿರ ಸುತ್ತುತ್ತದೆ.