ತಮ್ಮನಿಗೆ ಬಹ್ರೇನ್‌ನಲ್ಲಿ ಎಸಿ ಕೆಲಸ ಸಿಕ್ಕಿದೆ, ಕಳಿಸಬಹುದಾ? ಅಲ್ಲಿ ದುಡಿದವರ ಅನುಭವ

ಕೇಳಿದವರು (ಬೈಂದೂರು):
ನನ್ನ ತಮ್ಮ ಐಟಿಐ ಮುಗಿಸಿ ಕುಂದಾಪುರದಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದಾನೆ. ಬಹ್ರೇನ್‌ನಿಂದ ಆಫರ್ ಬಂದಿದೆ. ತಿಂಗಳಿಗೆ 150 ದಿನಾರ್, ರೂಮು ಕಂಪನಿಯದ್ದು, ಊಟ ನಮ್ಮದು. ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. "ಬೇಕಾದ್ರೆ ಫ್ರೀ ವೀಸಾನೂ ಇದೆ, ಎಲ್ಲಿ ಬೇಕಾದ್ರೂ ಕೆಲಸ ಮಾಡ್ಬಹುದು" ಅಂತಲೂ ಹೇಳಿದರು. ಕೆಲವು ವರ್ಷ ದುಡಿದು ಅಲ್ಲೇ ಸಣ್ಣ ಅಂಗಡಿ ಹಾಕುವ ಆಸೆ ಅವನಿಗೆ. ಅಲ್ಲಿ ಇದ್ದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಎಸಿ ಟೆಕ್ನೀಷಿಯನ್ (ಸಲ್ಮಾಬಾದ್):
ಅಕ್ಕ, ನಾನೂ ಅದೇ ಕೆಲಸದವನು. ಮೊದಲು ಆ ಫ್ರೀ ವೀಸಾ ಮಾತು ಬಿಟ್ಟುಬಿಡಿ. ಕಾನೂನಿನಲ್ಲಿ ಅಂಥ ವೀಸಾನೇ ಇಲ್ಲ. ಕಂಪನಿ ನೋಂದಣಿಗೆ ಇಲ್ಲಿ ಎಲ್ಲರೂ ಸಿಆರ್ ಅನ್ನುತ್ತಾರೆ. ಯಾರದೋ ಸಿಆರ್ ಮೇಲೆ ಕೆಲಸದ ಪರ್ಮಿಟ್ ಮಾಡಿಸಿಕೊಂಡು, ಅವನಿಗೆ ದುಡ್ಡು ಕೊಡುತ್ತಾ, ಕೆಲಸ ಮಾತ್ರ ಬೇರೆಯವರ ಹತ್ತಿರ ಮಾಡುವುದು. ಅದನ್ನೇ ಫ್ರೀ ವೀಸಾ ಅಂತ ಮಾರುತ್ತಾರೆ. ಚೆಕಿಂಗ್ ಬಂದ ದಿನ ಸಿಕ್ಕಿಬೀಳುವವನು ನಿಮ್ಮ ತಮ್ಮ. ಸಿಆರ್ ಮಾಲೀಕ ಫೋನೇ ಎತ್ತುವುದಿಲ್ಲ. ಒಬ್ಬನೇ ಮಾಲೀಕನಿಗೆ ಕಟ್ಟಿಬೀಳದೆ ಕೆಲಸ ಮಾಡಲು 2017ರಲ್ಲಿ ಸರ್ಕಾರವೇ ಫ್ಲೆಕ್ಸಿ ಪರ್ಮಿಟ್ ಅಂತ ಒಂದು ದಾರಿ ಮಾಡಿತ್ತು, 2022ರಲ್ಲಿ ಅದನ್ನೂ ನಿಲ್ಲಿಸಿತು.

ಇಲ್ಲಿ ಸಂಬಳ ಎಷ್ಟು ಅನ್ನುವುದಕ್ಕಿಂತ ಪರ್ಮಿಟ್ ಯಾರ ಹೆಸರಲ್ಲಿದೆ ಅನ್ನುವುದು ಮುಖ್ಯ. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಕಾರ್ಮಿಕರ ವ್ಯವಹಾರ ಪೂರ್ತಿ ಎಲ್‌ಎಂಆರ್‌ಎ ಅನ್ನುವ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. ಸಿಪಿಆರ್ ಕಾರ್ಡ್ ನಮಗೆ ಇಲ್ಲಿ ಆಧಾರ್ ಇದ್ದ ಹಾಗೆ. ಅದರ ನಂಬರ್ ಹಾಕಿದರೆ ಪರ್ಮಿಟ್ ಚಾಲ್ತಿಯಲ್ಲಿದೆಯಾ ಅಂತ ಎಲ್‌ಎಂಆರ್‌ಎ ವೆಬ್‌ಸೈಟಿನಲ್ಲೇ ಕಾಣುತ್ತದೆ. ನಮ್ಮ ರೂಮಿಗೆ ಹೊಸಬರು ಬಂದರೆ ಕಾರ್ಡ್ ಕೈಗೆ ಬಂದ ದಿನವೇ ಇದನ್ನು ನೋಡಿಸುತ್ತೇವೆ. ನನಗೆ ಗೊತ್ತಿರುವ ಒಬ್ಬ ಹುಡುಗ ದಿನಾ ಡ್ಯೂಟಿಗೆ ಹೋಗುತ್ತಿದ್ದ, ಸಂಬಳವೂ ಬರುತ್ತಿತ್ತು. ಆದರೆ ಅವನ ಪರ್ಮಿಟ್ ಮುಗಿದು ತಿಂಗಳುಗಳಾಗಿದ್ದವು, ಮಾಲೀಕ ರಿನ್ಯೂ ಮಾಡಿಯೇ ಇರಲಿಲ್ಲ. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂತ ಟಿಕೆಟ್ ಮಾಡಿಸಲು ಹೋದಾಗ ಇದು ಗೊತ್ತಾಗಿದ್ದು.

ಒಂದು ಒಳ್ಳೆಯ ವಿಷಯವೂ ಇದೆ. ಒಂದು ವರ್ಷ ಅದೇ ಮಾಲೀಕನ ಹತ್ತಿರ ಕಳೆದರೆ, ಸರಿಯಾಗಿ ನೋಟಿಸ್ ಕೊಟ್ಟು ಅವನ ಒಪ್ಪಿಗೆ ಇಲ್ಲದೆಯೂ ಬೇರೆ ಕಂಪನಿಗೆ ಹೋಗಬಹುದು. ಆದರೆ ಇದು ಸಣ್ಣ ಊರು, ನಮ್ಮ ಉಡುಪಿ ಜಿಲ್ಲೆಯ ಕಾಲು ಭಾಗದಷ್ಟೂ ಇಲ್ಲ. ಎಸಿ ಲೈನಿನ ಫೋರ್‌ಮನ್‌ಗಳೆಲ್ಲ ಒಬ್ಬರಿಗೊಬ್ಬರು ಗೊತ್ತು. ಜಗಳ ಮಾಡಿ ಬಿಟ್ಟುಬಂದವನ ಸುದ್ದಿ ಅವನಿಗಿಂತ ಮುಂಚೆ ಮುಂದಿನ ಕಂಪನಿ ತಲುಪಿರುತ್ತದೆ. ಕೆಲಸ ಚೆನ್ನಾಗಿ ಗೊತ್ತಿದ್ದವನ ಸುದ್ದಿಯೂ ಹಾಗೇ ತಲುಪುತ್ತದೆ.

ಕೆಲಸ ಹೇಗಿರುತ್ತದೆ ಅಂತಲೂ ತಿಳಿದಿರಲಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 4ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನಿದೆ. ಆದರೆ ಬೆಳಗ್ಗೆ ಎಂಟಕ್ಕೇ ಟೆರೇಸಿನ ಮೇಲೆ ಸ್ಪ್ಯಾನರ್ ಮುಟ್ಟಿದರೆ ಕೈ ಸುಡುತ್ತದೆ. ಸಮುದ್ರದ ಉಪ್ಪು, ಮರಳು ಎರಡೂ ಸೇರಿ ಔಟ್‌ಡೋರ್ ಯೂನಿಟ್‌ನ ಕಾಯಿಲ್ ಮೇಲೆ ಪದರ ಕಟ್ಟಿರುತ್ತವೆ. ಹಳೇ ಯೂನಿಟ್ ಆದರೆ ಫಿನ್ಸ್ ಅನ್ನುವ ತೆಳು ತಗಡುಗಳು ಮುಟ್ಟಿದಲ್ಲೇ ಪುಡಿಯಾಗುತ್ತವೆ. ಬೇಸಿಗೆಯಲ್ಲಿ ಕಂಪ್ಲೇಂಟ್ ಜಾಸ್ತಿ, ಓವರ್‌ಟೈಮ್ ಜಾಸ್ತಿ. ಚಳಿಗಾಲದಲ್ಲಿ ಬರೀ ಸರ್ವಿಸಿಂಗ್. ವರ್ಷಪೂರ್ತಿ ಓವರ್‌ಟೈಮ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ.

ಅಕೌಂಟ್ಸ್ ಕೆಲಸದಲ್ಲಿರುವವರು (ಮನಾಮ):
ಮೇಡಂ, ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ. ಇಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ನಿರುದ್ಯೋಗ ವಿಮೆಗೆ ನೂರಕ್ಕೆ 1 ಕಡಿತ ಆಗುತ್ತದೆ. ಊಟ, ಫೋನು, ಸೋಪು ಎಲ್ಲ ಕಳೆದು 150ರಲ್ಲಿ ನೂರು ದಿನಾರ್ ಮನೆಗೆ ಕಳಿಸಿದರೆ ಅವನು ಕೈ ಹಿಡಿದು ಖರ್ಚು ಮಾಡುವವನು ಅಂತ ಅರ್ಥ. ಸಾಮಾನಿನ ಮೇಲಿನ ತೆರಿಗೆ ವ್ಯಾಟ್ 2019ರಲ್ಲಿ ಶೇ 5 ಇತ್ತು, 2022ರಿಂದ ಶೇ 10. ದಿನಾರನ್ನು ಡಾಲರಿಗೆ ಕಟ್ಟಿದ್ದಾರೆ, ಒಂದು ಡಾಲರಿಗೆ 0.376 ದಿನಾರ್. ಹಾಗಾಗಿ ರೂಪಾಯಿ ಬಿದ್ದಾಗ ಊರಿಗೆ ಹೋಗುವ ದುಡ್ಡು ಜಾಸ್ತಿ ಕಾಣುತ್ತದೆ. ಅದನ್ನು ನೋಡಿ ಸಂಬಳ ಏರಿತು ಅಂದುಕೊಂಡು ಊರಲ್ಲಿ ಸಾಲ ಮಾಡಿಬಿಡುತ್ತಾರೆ. ಸಂಬಳ ಇದ್ದಲ್ಲೇ ಇರುತ್ತದೆ.

ಗ್ರಾಚ್ಯುಟಿ ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಮುಂಚೆ ಇದು ಮಾಲೀಕನ ಹತ್ತಿರವೇ ಇರುತ್ತಿತ್ತು. ಕಂಪನಿ ಮುಚ್ಚಿದರೆ ಅದೂ ಹೋಯಿತು. 2024ರ ಮಾರ್ಚ್‌ನಿಂದ ಮಾಲೀಕ ಪ್ರತಿ ತಿಂಗಳೂ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು: ಮೊದಲ ಮೂರು ವರ್ಷ ಶೇ 4.2, ಆಮೇಲೆ ಶೇ 8.4. ಕೆಲಸ ಬಿಟ್ಟಾಗ ದುಡ್ಡು ಅಲ್ಲಿಂದಲೇ ಕಾರ್ಮಿಕನ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮಂಥವರಿಗೆ ಇಲ್ಲಿ ಆದ ಬದಲಾವಣೆಗಳಲ್ಲಿ ಇದು ನಿಜಕ್ಕೂ ದೊಡ್ಡದು. ಆದರೆ ಕಾಗದದಲ್ಲಿ 80 ದಿನಾರ್ ತೋರಿಸಿ ಉಳಿದದ್ದನ್ನು ಕೈಗೆ ಕೊಡುವ ಮಾಲೀಕರಿದ್ದಾರೆ. ಆಗ ಗ್ರಾಚ್ಯುಟಿಯೂ 80ರ ಲೆಕ್ಕದಲ್ಲೇ. ಕಾಂಟ್ರ್ಯಾಕ್ಟ್‌ನಲ್ಲಿ ಬೇಸಿಕ್ ಎಷ್ಟು ಬರೆದಿದ್ದಾರೆ ಅಂತ ಕೇಳಿ.

ಊರಿಗೆ ವಾಪಸ್ ಬಂದವರು (ಕಾಪು):
ಒಂದೂವರೆ ಲಕ್ಷ ಯಾಕೆ ಕೊಡಬೇಕು? ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟರ ಪಟ್ಟಿ ಇದೆ, ಹೆಸರು ಹಾಕಿ ನೋಡಿ. ಪರ್ಮಿಟ್ ಶುಲ್ಕ ಮಾಲೀಕನೇ ಕಟ್ಟಬೇಕು ಅಂತ ಬಹ್ರೇನ್ ಕಾನೂನೂ ಹೇಳುತ್ತದೆ. ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿರುವುದರಿಂದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಭಾರತ ಸರ್ಕಾರದ ಅನುಮತಿ, ಕಡ್ಡಾಯ ಅಲ್ಲ. ಕೆಲವು ಏಜೆಂಟರು ಇದನ್ನೇ ಹಿಡಿದುಕೊಂಡು ಒಂದು ದಾಖಲೆಯೂ ಇಲ್ಲದೆ ಹುಡುಗರನ್ನು ಹತ್ತಿಸಿಬಿಡುತ್ತಾರೆ. ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಬದಲಾಯಿಸೋಣ ಅಂದರೆ ಖಂಡಿತ ಒಪ್ಪಬೇಡಿ.

ಹೋಟೆಲ್ ನಡೆಸುವವರು (ಗುದೈಬಿಯಾ):
ತಂಗಿ, ಅಂಗಡಿ ಆಸೆ ಬಗ್ಗೆ ನಾನು ಹೇಳುತ್ತೇನೆ. ದ್ವೀಪದಲ್ಲಿ ಒಟ್ಟು ಇರುವುದೇ ಹದಿನೈದು ಲಕ್ಷ ಚಿಲ್ಲರೆ ಜನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮಂಥ ಹೊರಗಿನವರು. ನಮ್ಮಂಥವರ ಜೇಬಲ್ಲಿ ತಿಂಗಳ ಮೊದಲ ಹತ್ತು ದಿನ ಮಾತ್ರ ದುಡ್ಡು. ಉಳಿದಂತೆ ವ್ಯಾಪಾರ ನಿಂತಿರುವುದು ಸೌದಿಗೆ ಹೋಗುವ ಸೇತುವೆಯ ಮೇಲೆ. 25 ಕಿಲೋಮೀಟರಿನ ಆ ಸೇತುವೆ 1986ರಲ್ಲಿ ಶುರುವಾಯಿತು. ಗುರುವಾರ ಸಂಜೆಯಿಂದ ಸೌದಿ ಕಾರುಗಳು ಸಾಲಾಗಿ ಬರುತ್ತವೆ. ಹೋಟೆಲು, ಮಾಲು, ಸಲೂನು, ಗ್ಯಾರೇಜು ಎಲ್ಲರ ಗಲ್ಲಾ ತುಂಬುವುದು ಶನಿವಾರದವರೆಗೆ. ಕೊರೊನಾ ಕಾಲದಲ್ಲಿ ಸೇತುವೆ ಮುಚ್ಚಿದಾಗ ನಮ್ಮ ಬೀದಿಯಲ್ಲಿ ಒಂದರ ಪಕ್ಕ ಒಂದು ಶಟರ್ ಇಳಿಯಿತು. 2021ರ ಮೇ ತಿಂಗಳಲ್ಲಿ ಸೌದಿಯವರು ಮತ್ತೆ ಬರುವ ಹೊತ್ತಿಗೆ ಎಷ್ಟೋ ಜನ ಊರು ಸೇರಿದ್ದರು. ಬಾಡಿಗೆ ಮಾತ್ರ ನಿಂತಿರಲಿಲ್ಲ.

ಹಲವು ವ್ಯವಹಾರಗಳಲ್ಲಿ ವಿದೇಶಿಯರೇ ಪೂರ್ತಿ ಮಾಲೀಕರಾಗಬಹುದು ಅಂತ 2016ರಲ್ಲಿ ಬದಲಾಯಿಸಿದ್ದಾರೆ. ಸಿಆರ್ ಅರ್ಜಿ ಸಿಜಿಲಾತ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲೇ ಆಗುತ್ತದೆ, ಕಚೇರಿ ಅಲೆದಾಟ ಕಡಿಮೆ. ಕಷ್ಟ ಇರುವುದು ಆಮೇಲೆ. ಪ್ರತಿ ಕೆಲಸಗಾರನಿಗೂ ಪರ್ಮಿಟ್, ಆರೋಗ್ಯ ಶುಲ್ಕ, ತಿಂಗಳ ಶುಲ್ಕ, ಈಗ ಗ್ರಾಚ್ಯುಟಿ. ವರ್ಷದ ವಹಿವಾಟು 37,500 ದಿನಾರ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ಅಕ್ಕಿ, ಎಣ್ಣೆ, ಈರುಳ್ಳಿ ಎಲ್ಲ ಹೊರಗಿನಿಂದ ಬರಬೇಕು. ಹಡಗು ತಡವಾದರೆ ರೇಟು ಏರುತ್ತದೆ, ಆದರೆ ಮೆನುವಿನಲ್ಲಿ ಮಸಾಲೆ ದೋಸೆ ರೇಟು ಏರಿಸಲು ಆಗುವುದಿಲ್ಲ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಬೇರೆಯವರ ಸಿಆರ್ ಬಾಡಿಗೆಗೆ ಹಿಡಿದು ಅಂಗಡಿ ಹಾಕಿದ ನನ್ನ ಪರಿಚಯದವರೊಬ್ಬರು, ವ್ಯಾಪಾರ ಚೆನ್ನಾಗಿ ನಡೆಯಲು ಶುರುವಾದ ಮೇಲೆಯೇ ಅಂಗಡಿ ಕಳೆದುಕೊಂಡರು. ಕಾಗದದ ಪ್ರಕಾರ ಅದು ಅವರದ್ದೇ ಆಗಿರಲಿಲ್ಲ.

ನನ್ನ ಮಾತು ಕೇಳಿದರೆ ಅಂಗಡಿ ಲೆಕ್ಕ ಈಗ ಬೇಡ. ಎಸಿ ಕೆಲಸಕ್ಕೆ ಈ ದ್ವೀಪದಲ್ಲಿ ಯಾವತ್ತೂ ಬೇಡಿಕೆ ಇದೆ. ಮೊದಲು ಕೆಲಸದಲ್ಲಿ ಗಟ್ಟಿಯಾಗಲಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಏಜೆಂಟ್ ಹತ್ತಿರ ಕಂಪನಿಯ ಸಿಆರ್ ನಂಬರ್ ಕೇಳಿದೆ. "ವೀಸಾ ಬಂದ ಮೇಲೆ ಎಲ್ಲ ಗೊತ್ತಾಗುತ್ತೆ, ಮೊದಲು ಅಡ್ವಾನ್ಸ್ ಕೊಡಿ" ಅಂದರು.

ಎಸಿ ಟೆಕ್ನೀಷಿಯನ್ (ಸಲ್ಮಾಬಾದ್):
ಹಾಗಾದರೆ ಒಂದು ರೂಪಾಯಿನೂ ಕೊಡಬೇಡಿ ಅಕ್ಕ. ಸಿಆರ್ ನಂಬರ್ ಇದ್ದರೆ ಆ ಕಂಪನಿ ಚಾಲ್ತಿಯಲ್ಲಿದೆಯಾ ಅಂತ ಯಾರು ಬೇಕಾದರೂ ಸಿಜಿಲಾತ್‌ನಲ್ಲಿ ನೋಡಬಹುದು. ಅದನ್ನು ಮುಚ್ಚಿಡುವವರ ಹತ್ತಿರ ವ್ಯವಹಾರವೇ ಬೇಡ. ಬೇಸಿಗೆಗೆ ಮುಂಚೆ ಇಲ್ಲಿನ ಕಂಪನಿಗಳು ಜನ ತೆಗೆದುಕೊಳ್ಳುತ್ತವೆ. ತಮ್ಮನ ಐಟಿಐ ಸರ್ಟಿಫಿಕೇಟು, ಈಗಿನ ಅಂಗಡಿಯಿಂದ ಒಂದು ಅನುಭವ ಪತ್ರ ಸಿದ್ಧ ಮಾಡಿಟ್ಟುಕೊಳ್ಳಲಿ. ನಾನು ನಮ್ಮ ಫೋರ್‌ಮನ್ ಹತ್ತಿರ ಮಾತಾಡುತ್ತೇನೆ. ಅಷ್ಟರಲ್ಲಿ ಮಂಗಳೂರಲ್ಲಿ ಯಾರ ಹತ್ತಿರವಾದರೂ ದೊಡ್ಡ ಕಟ್ಟಡಗಳ ಎಸಿಗೆ ಬೇಕಾದ ಡಕ್ಟ್ ಮತ್ತು ಚಿಲ್ಲರ್ ಕೆಲಸ ಕಲಿಯಲು ಹೇಳಿ. ಬರೀ ಸ್ಪ್ಲಿಟ್ ಎಸಿ ಗೊತ್ತಿದ್ದವರ ಸಂಬಳ ಇಲ್ಲಿ ಬೇಗ ಏರುವುದಿಲ್ಲ. ಡ್ರೈವಿಂಗ್ ಬಂದರೆ ಇನ್ನೂ ಒಳ್ಳೆಯದು, ವ್ಯಾನ್ ಓಡಿಸುವ ಟೆಕ್ನೀಷಿಯನ್‌ಗೆ ಯಾವ ಕಂಪನಿಯಾದರೂ ನಾಲ್ಕು ದಿನಾರ್ ಜಾಸ್ತಿ ಕೊಡುತ್ತದೆ.