12 ಜಿಬಿ ಸರ್ವರ್‌ನಿಂದ ಒಂದು ಪುಟ್ಟ ಪ್ರೋಗ್ರಾಂ ಓಡಿಸೋಕೆ ಇಷ್ಟು ಹೊತ್ತಾ?

ನಿದ್ದೆಗೆಟ್ಟವನು:
ಲಿನಕ್ಸ್‌ನಲ್ಲಿ ಓಡುವ ಸರ್ವರ್, ಸಿ ಭಾಷೆಯಲ್ಲಿ ಬರೆದದ್ದು. ಡೇಟಾ ಪೂರ್ತಿ ಮೆಮೊರಿಯಲ್ಲೇ ಇರುತ್ತದೆ, ಸುಮಾರು 12 ಜಿಬಿ. ಚಿತ್ರಗಳನ್ನು ಚಿಕ್ಕದು ಮಾಡೋಕೆ ಆಗಾಗ ಬೇರೆ ಒಂದು ಪ್ರೋಗ್ರಾಂ ಕರೆಯುತ್ತೇನೆ, ಮಾಮೂಲಿನ ಹಾಗೆ ಫೋರ್ಕ್ ಮಾಡಿ (ಸರ್ವರ್‌ನದೇ ಒಂದು ಪ್ರತಿ, ಅಂದರೆ ಮಗು ಪ್ರೋಸೆಸ್, ಹುಟ್ಟಿಸಿ) ಎಕ್ಸೆಕ್ (ಆ ಪ್ರತಿಯ ಜಾಗದಲ್ಲಿ ಹೊಸ ಪ್ರೋಗ್ರಾಂ ಓಡಿಸೋದು). ಆ ಪ್ರೋಗ್ರಾಂ 5 ಮಿಲಿಸೆಕೆಂಡಲ್ಲಿ ಕೆಲಸ ಮುಗಿಸುತ್ತದೆ, ಆದರೆ ಫೋರ್ಕ್ ಒಂದಕ್ಕೇ 120 ಮಿಲಿಸೆಕೆಂಡ್ ಹೋಗುತ್ತಿದೆ! ಕಾಪಿ ಆನ್ ರೈಟ್ (ಯಾರಾದರೂ ಬರೆದಾಗ ಮಾತ್ರ ಕಾಪಿ ಮಾಡೋದು) ಇರುವಾಗ ಏನೂ ಕಾಪಿ ಆಗಲ್ಲ ಅಂತ ಓದಿದ್ದೆ, ಹಾಗಾದರೆ ಇಷ್ಟು ಹೊತ್ತು ಯಾಕೆ? ಇನ್ನೊಂದು ತಲೆನೋವು: ಡೇಟಾ ಜಾಸ್ತಿ ಬೆಳೆದ ದಿನ ಫೋರ್ಕ್ 'ಮೆಮೊರಿ ಇಲ್ಲ' ಅಂತ ಸೋಲುತ್ತದೆ. ಮೆಷಿನ್‌ನಲ್ಲಿ 32 ಜಿಬಿ ಇದೆ, ಅರ್ಧಕ್ಕಿಂತ ಹೆಚ್ಚು ಖಾಲಿ.

ಹಳೇಕರ್ನಲ್:
ಮೆಮೊರಿಯ ಪುಟಗಳು (ಅದನ್ನು ಹಂಚಿದ ಚಿಕ್ಕ ತುಂಡುಗಳು) ಕಾಪಿ ಆಗಲ್ಲ, ನಿಜ. ಆದರೆ ಯಾವ ಪುಟ ಎಲ್ಲಿದೆ ಅನ್ನುವ ಪಟ್ಟಿ, ಅಂದರೆ ಪೇಜ್ ಟೇಬಲ್, ಅದು ಕಾಪಿ ಆಗಲೇಬೇಕಲ್ವಾ? ಲೆಕ್ಕ ಹಾಕಿ. ಒಂದು ಪುಟಕ್ಕೆ 4 ಕೆಬಿ ಅಂದರೆ 12 ಜಿಬಿಗೆ 31 ಲಕ್ಷ ಪುಟ ಆಯಿತು. ಪ್ರತಿ ಪುಟಕ್ಕೂ ಟೇಬಲ್‌ನಲ್ಲಿ 8 ಬೈಟಿನ ಒಂದು ನಮೂದು. ಅದೇ 24 ಎಂಬಿ. ಬರೀ ಕಾಪಿ ಆಗಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ಕರ್ನಲ್ (ಲಿನಕ್ಸ್‌ನ ತಿರುಳು) ಒಂದೊಂದೇ ನಮೂದಿನ ಹತ್ತಿರ ಹೋಗಿ ಇದಕ್ಕೆ ಬರೆಯಬೇಡ ಅಂತ ಗುರುತು ಹಾಕಬೇಕು, ಆ ಪುಟವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಅನ್ನುವ ಎಣಿಕೆಯನ್ನೂ ಏರಿಸಬೇಕು. ಪರ್ಫ್ (ಹೊತ್ತು ಎಲ್ಲಿ ಹೋಗುತ್ತದೆ ಅಂತ ತೋರಿಸುವ ಸಾಧನ) ಹಾಕಿ ನೋಡಿ, ಕಾಪಿ ಪೇಜ್ ರೇಂಜ್ ಅನ್ನುವ ಫಂಕ್ಷನ್ ಪಟ್ಟಿಯ ತುದಿಯಲ್ಲೇ ಕೂತಿರುತ್ತದೆ. ಫೋರ್ಕ್ ಮುಗಿದ ಮೇಲೂ ಕಾಟ ತಪ್ಪಲ್ಲ, ನಿಮ್ಮ ಸರ್ವರ್ ಯಾವ ಪುಟಕ್ಕೆ ಬರೆಯಲು ಹೋದರೂ ಮೊದಲ ಸಲ ಒಂದು ಪೇಜ್ ಫಾಲ್ಟ್, ಅಂದರೆ ಕರ್ನಲ್ ಮಧ್ಯೆ ಬಂದು ಸರಿಪಡಿಸಬೇಕಾದ ತಡೆ.

ಇಷ್ಟೆಲ್ಲ ಮಾಡಿ ಮರುಕ್ಷಣ ಎಕ್ಸೆಕ್ ಮಾಡಿ ಆ ಟೇಬಲ್ ಬಿಸಾಕುತ್ತೀರಿ. ಸುಮ್ನೆ ದಂಡ.

ಪೋಸಿಕ್ಸ್ ಸ್ಪಾನ್ (ಹೊಸ ಪ್ರೋಗ್ರಾಂ ಶುರು ಮಾಡುವ ಒಂದೇ ಕರೆ) ಬಳಸಿ. ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) 2.24ರಿಂದ ಈಚೆಗೆ ಅದು ಒಳಗೆ ವಿಫೋರ್ಕ್ ಥರವೇ ನಡೆಯುತ್ತದೆ: ಮಗು ಅಪ್ಪನ (ಅಂದರೆ ಸರ್ವರ್‌ನ) ಮೆಮೊರಿಯನ್ನೇ ಬಳಸುತ್ತದೆ, ಮಗು ಎಕ್ಸೆಕ್ ಮಾಡುವವರೆಗೆ ಕರೆದ ಥ್ರೆಡ್ (ಪ್ರೋಸೆಸ್‌ನೊಳಗೆ ಓಡುವ ಒಂದು ಎಳೆ) ಕಾಯುತ್ತದೆ. ಪೇಜ್ ಟೇಬಲ್ ತಂಟೆಯೇ ಇಲ್ಲ, ಹಾಗಾಗಿ ಅಪ್ಪ 12 ಎಂಬಿ ಇದ್ದರೂ 12 ಜಿಬಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಸೊನ್ನೆಒಂದು:
ಎರಡನೇ ಪ್ರಶ್ನೆಗೆ: ವಿಎಂ ಓವರ್‌ಕಮಿಟ್ ಮೆಮೊರಿ ಸೆಟ್ಟಿಂಗ್ (ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡಲು ಕರ್ನಲ್ ಒಪ್ಪಬಹುದಾ ಅನ್ನುವುದು) 2 ಇದೆಯಾ ನೋಡಿ. ಹಾಗಿದ್ದರೆ, ಮಗು ಎಲ್ಲ ಪುಟಕ್ಕೂ ಬರೆದುಬಿಟ್ಟರೆ ಏನು ಗತಿ ಅಂತ ಕರ್ನಲ್ ಇನ್ನೊಂದು 12 ಜಿಬಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೇರೆ ಏನೂ ಬದಲಾಯಿಸದಿದ್ದರೆ ಮಿತಿ ಅರ್ಧ ರ‍್ಯಾಮ್ ಮತ್ತು ಸ್ವಾಪ್ (ಮೆಮೊರಿಗೆ ಅಂತ ಡಿಸ್ಕ್‌ನಲ್ಲಿ ಇಟ್ಟ ಜಾಗ) ಸೇರಿ ಅಷ್ಟೇ. ಫ್ರೀ ಕಮಾಂಡ್ ಎಷ್ಟೇ ಖಾಲಿ ತೋರಿಸಿದರೂ ಪ್ರಯೋಜನವಿಲ್ಲ. ಸ್ಪಾನ್‌ಗೆ ಹೋದರೆ ಇದೂ ತೀರುತ್ತದೆ.

ಆದರೆ ವಿಫೋರ್ಕ್ ಅನ್ನು ನೇರವಾಗಿ ಕರೆಯಲು ಹೋಗಬೇಡಿ. ಅಲ್ಲಿ ಮಗು ಒಂದು ವೇರಿಯಬಲ್ ಬದಲಾಯಿಸಿದರೂ ಅದು ಅಪ್ಪನದೇ. ನಾನು ಒಮ್ಮೆ ಮಗುವಿನಿಂದ ರಿಟರ್ನ್ ಮಾಡಿ ಅಪ್ಪನ ಸ್ಟ್ಯಾಕ್ ಕೆಡಿಸಿ ಎರಡು ದಿನ ಹುಡುಕಿದ್ದೇನೆ. ಥ್ರೆಡ್‌ಗಳಿದ್ದರೆ ಮಾಮೂಲಿ ಫೋರ್ಕ್ ಕೂಡ ಸಾಚಾ ಅಲ್ಲ, ಕರೆದ ಥ್ರೆಡ್ ಮಾತ್ರ ಮಗುವಿನಲ್ಲಿ ಉಳಿಯುತ್ತದೆ. ಆ ಹೊತ್ತಿಗೆ ಬೇರೆ ಥ್ರೆಡ್ ಯಾವುದೋ ಲಾಕ್ ಹಿಡಿದಿದ್ದರೆ ಮಗುವಿನಲ್ಲಿ ಅದನ್ನು ಬಿಡುವವರೇ ಇಲ್ಲ.

ಬೆಳಗಿನಲಾಗ್:
ಇನ್ನೊಂದು ದಾರಿ ಇದೆ. ಸರ್ವರ್ ಶುರುವಾದ ಕೂಡಲೇ, ಡೇಟಾ ತುಂಬುವ ಮೊದಲೇ, ಒಂದು ಪುಟ್ಟ ಸಹಾಯಕ ಪ್ರೋಸೆಸ್ ಹುಟ್ಟಿಸಿಬಿಡಿ. ಆಮೇಲೆ ಏನು ಓಡಿಸಬೇಕಾದರೂ ಸಾಕೆಟ್ (ಪ್ರೋಸೆಸ್‌ಗಳು ಮಾತಾಡುವ ಕೊಂಡಿ) ಮೂಲಕ ಅದಕ್ಕೆ ಹೇಳಿ, ಫೋರ್ಕ್ ಅದೇ ಮಾಡಿಕೊಳ್ಳಲಿ. ಆಂಡ್ರಾಯ್ಡ್‌ನ ಜೈಗೋಟ್ ಇದರ ಅಣ್ಣನೇ, ಆದರೆ ಅಲ್ಲಿ ಉದ್ದೇಶ ಬೇರೆ: ಬೇಕಾದ ಕ್ಲಾಸ್‌ಗಳನ್ನು ಮೊದಲೇ ಲೋಡ್ ಮಾಡಿಟ್ಟು, ಪ್ರತಿ ಆ್ಯಪ್‌ಗೂ ಅದರಿಂದ ಫೋರ್ಕ್ ಮಾಡುತ್ತಾರೆ. ಎಕ್ಸೆಕ್ ಮಾಡೋದಿಲ್ಲ, ಅದಕ್ಕೇ ಹಂಚಿಕೊಂಡ ಪುಟಗಳು ಅಲ್ಲಿ ನಿಜವಾಗಿ ಲಾಭ.

ನಿದ್ದೆಗೆಟ್ಟವನು:
ಸ್ಪಾನ್ ಹಾಕಿದೆ. 120 ಇದ್ದದ್ದು 1 ಮಿಲಿಸೆಕೆಂಡಿಗಿಂತ ಕಡಿಮೆ ಆಯಿತು. ಓವರ್‌ಕಮಿಟ್ 2 ಇದ್ದದ್ದೂ ಹೌದು, ಯಾರು ಯಾವಾಗ ಹಾಕಿದ್ದರೋ. ಈಗ ಹೊಸ ಪೀಡೆ: ಕೆಲವು ಸಲ ನಾನು ಕನೆಕ್ಷನ್ ಮುಚ್ಚಿದರೂ ಆ ಕಡೆಯವರಿಗೆ ಮುಚ್ಚಿದ್ದು ಗೊತ್ತೇ ಆಗಲ್ಲ, ಚಿತ್ರದ ಪ್ರೋಗ್ರಾಂ ಮುಗಿದ ಮೇಲೇ ಗೊತ್ತಾಗುತ್ತದೆ.

ಹಳೇಕರ್ನಲ್:
ನಿಮ್ಮ ಸಾಕೆಟ್ ಮಗುವಿಗೂ ಹೋಗಿದೆ, ಅದು ಹಿಡಿದುಕೊಂಡು ಕೂತಿದೆ. ಹಿಂದೆಯೂ ಹೋಗುತ್ತಿತ್ತಾ ಅಥವಾ ಫೋರ್ಕ್ ಆದ ಮೇಲೆ ಕೈಯಲ್ಲೇ ಮುಚ್ಚುತ್ತಿದ್ದಿರಾ?

ನಿದ್ದೆಗೆಟ್ಟವನು:
ಅಯ್ಯೋ ಹೌದು, ಮುಚ್ಚುವ ಒಂದು ಲೂಪ್ ಇತ್ತು. ಹಳೇ ಕೋಡ್ ಜೊತೆ ಅದನ್ನೂ ಅಳಿಸಿದ್ದೇನೆ.

ಹಳೇಕರ್ನಲ್:
ಲೂಪ್ ವಾಪಸ್ ಬೇಡ. ಆಕ್ಸೆಪ್ಟ್ 4 (ಕನೆಕ್ಷನ್ ಸ್ವೀಕರಿಸುವ ಕರೆ) ಕರೆದು ಕ್ಲೋಸ್ ಆನ್ ಎಕ್ಸೆಕ್ ಫ್ಲ್ಯಾಗ್ (ಎಕ್ಸೆಕ್ ಆದ ಕೂಡಲೇ ತಾನೇ ಮುಚ್ಚಿಕೊಳ್ಳಲಿ ಅನ್ನುವ ಗುರುತು) ಅಲ್ಲೇ ಕೊಡಿ, ಓಪನ್‌ಗೂ ಅದೇ. ಆಮೇಲೆ ಬೇರೆ ಕರೆಯಲ್ಲಿ ಹಾಕುತ್ತೇನೆ ಅಂದರೆ ಆ ಎರಡರ ಮಧ್ಯೆ ಇನ್ನೊಂದು ಥ್ರೆಡ್ ಸ್ಪಾನ್ ಮಾಡಿಬಿಟ್ಟಿರುತ್ತದೆ.